ಕಾರಿಗೆ ಕೊನೇ ಸೂಚನೆ

ಇದು ನಡೆದ ಕಥೆ. ನಡೆದದ್ದು ಎನ್ನುವುದಕ್ಕಿಂತ ತಳ್ಳಿದ್ದು ಎಂದರೆ ಸತ್ಯಕ್ಕೆ ಇನ್ನೂ ಹತ್ತಿರ. ಏಕೆಂದರೆ ಇದರಲ್ಲಿ ಬರುವ ಕಾರು ಮೊದಮೊದಲು ತಾನಾಗಿ ಓಡಿದ್ದಕ್ಕಿಂತ ನಮ್ಮ ಮನೆಯವರು ತಳ್ಳಿ ಓಡಿಸಿದ್ದೇ ಹೆಚ್ಚು. ಸುಳ್ಳು ಅನ್ನಿಸಿದರೆ ನಮ್ಮಜ್ಜಿಯ ಸೊಂಟವನ್ನು ಕೇಳಿ ನೋಡಬಹುದು.

ಅಪ್ಪನ ಕೆಲಸ ದೀಪ ಆರಿಸುವುದು. ವಿದ್ಯುತ್ ಕಚೇರಿಯಲ್ಲಿ ಎಲ್ಲರೂ ದೀಪ ಹಚ್ಚುವ ಕಡೆ ಇದ್ದರೆ ಅಪ್ಪ ಮಾತ್ರ ಆರಿಸುವ ಕಡೆ. ಬಿಲ್ಲು ಕಟ್ಟದವರ ಮನೆಗೆ ಹೋಗಿ, ಗೇಟಿಗೆ ಇಕ್ಕಳದಿಂದ ಟಣ್ ಟಣ್ ಎಂದು ಬಡಿದು, ಎದೆಯುಬ್ಬಿಸಿ ಕೂಗುತ್ತಾನೆ: "ಗ್ರಾಹಕರೇ, ಇದು ಕೊನೇ ಸೂಚನೆ! ಸಂಪರ್ಕ ಕಡಿತಗೊಳಿಸಲಾಗುವುದೂ...!" ಆ ಕೊನೆಯ 'ದೂ' ಬೀದಿಯ ತುದಿ ಮುಟ್ಟಿ ವಾಪಸು ಬರುತ್ತದೆ. ಕೂಗಿದ ಮೇಲೆ ಸ್ವಲ್ಪ ಹೊತ್ತು ಕಾಯುತ್ತಾನೆ. ಒಳಗಿದ್ದವರು ಬೆಳಕಿರುವಾಗಲೇ ಚಪ್ಪಲಿ, ಚಾವಿ, ಬೆಂಕಿಪೊಟ್ಟಣ ಹುಡುಕಿಟ್ಟುಕೊಳ್ಳಲಿ ಎಂಬ ಕರುಣೆ. ಆಮೇಲೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಬರುತ್ತಾನೆ. ನಾನು ಹಿತ್ತಿಲಲ್ಲಿ ನಿಂತು ಅವನ ದನಿ ತೆಗೆದರೆ ಪಕ್ಕದ ಮನೆಯವರು ಟಿವಿ ಆರಿಸಿ ಬಿಲ್ಲು ಹುಡುಕತೊಡಗುತ್ತಾರೆ.

ಅಮ್ಮ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿಯ ಮೇಜಿನ ಮುಂದೆ ನಿಲ್ಲುವವಳು. ನಿಂತು ನಿಂತು ಅವಳ ಕಾಲು ಸಂಜೆ ಹೊತ್ತಿಗೆ ದಿಂಬಾಗುತ್ತಿತ್ತು. ಲಾಂಡ್ರಿಯಿಂದ ಆಸ್ಪತ್ರೆಗಳಿಗೆ ಒಗೆದ ಹಾಸುಬಟ್ಟೆ ಮುಟ್ಟಿಸುತ್ತಿದ್ದ ಮನುಷ್ಯ ಕೆಲಸ ಬಿಟ್ಟಾಗ ಒಡತಿ, "ಯಾರ ಹತ್ರ ಆದ್ರೂ ಕಾರಿದ್ರೆ ಹೇಳಿ. ಒಂದು ತಿಂಗಳು ನೋಡ್ತೀನಿ, ಸರಿಹೋದ್ರೆ ಆ ಕೆಲಸ ಅವರದ್ದೇ" ಎಂದಿದ್ದಳು. ಅಮ್ಮ ಮೇಜಿನ ಹಿಂದಿನಿಂದ ಕೈ ಎತ್ತಿಬಿಟ್ಟಳು. ಎತ್ತಿದಾಗ ಅವಳ ಬಳಿ ಲೈಸೆನ್ಸು ಇತ್ತು, ಕಾರು ಇರಲಿಲ್ಲ.

"ನಿಮ್ಮಣ್ಣ ಹೊಸ ಕಾರು ತಗೊಂಡನಲ್ಲ, ಹಳೇದನ್ನ ಕೇಳು" ಎಂದವಳು ಅಜ್ಜಿ. ಅಜ್ಜಿ ಅಪ್ಪನ ತಾಯಿಯಾದರೂ ಮನೆಯ ಜಗಳಗಳಲ್ಲಿ ಯಾವತ್ತೂ ಸೊಸೆಯ ಪಕ್ಷ.

ಹಾಗೆ ಬಂತು ಆ ಕಾರು. ನೀಲಿ ಬಣ್ಣ, ಅಗಲ ಹಿಂಬದಿ, ಮುಂದೆ ಎರಡು ಉಬ್ಬುಗಣ್ಣು. ಸಂಜೆ ಅಮ್ಮ ಅದನ್ನು ಬೀದಿಯ ತಿರುವಿನಿಂದ ತಾನೇ ಓಡಿಸಿಕೊಂಡು ಬಂದಾಗ ನಾವು ಮೂವರೂ ಗೇಟಿನ ಹತ್ತಿರ ಕುಣಿದಾಡಿದೆವು. ಅಮ್ಮ ಇಳಿಯಲೇ ಇಲ್ಲ. ಕಿಟಕಿಯಿಂದ ತಟ್ಟೆ ಕೊಟ್ಟೆವು. ಸ್ಟೀರಿಂಗಿನ ಹಿಂದೆಯೇ ಕೂತು ಬೇಯಿಸಿದ ಮೊಟ್ಟೆ ತಿಂದಳು.

"ಕೂತ್ಕೊಂಡು ಮಾಡೋ ಕೆಲಸ ಕಣೇ!" ಎಂದಳು ನನ್ನನ್ನು ನೋಡಿ, ಬಾಯಲ್ಲಿ ಮೊಟ್ಟೆ ಇಟ್ಟುಕೊಂಡೇ. "ಕೂತ್ಕೊಂಡು!"

ಮರುದಿನ ಬೆಳಿಗ್ಗೆ ಕಾರು ಕೂತುಕೊಂಡೇ ಇತ್ತು.

ಸಂಗತಿ ಇಷ್ಟು. ಆ ಕಾರಿನ ಮುಂದಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ, ಕರಿ ಗುಂಡಿಯಂಥ ಒಂದು ಕಣ್ಣಿದೆ. ಕತ್ತಲೆ ಕಂಡರೆ ಅದು ಹೆಡ್‌ಲೈಟು ಹಚ್ಚುತ್ತದೆ, ಬೆಳಕು ಕಂಡರೆ ಆರಿಸುತ್ತದೆ. ಹೊಸದಾಗಿದ್ದಾಗ ಇದು ಕಾರಿನ ಬುದ್ಧಿವಂತಿಕೆ, ಈಗ ಅರಳುಮರಳು. ಕೈಯಿಂದ ಆರಿಸಲು ಒಂದು ತಿರುಗಣಿ ಇದೆ, ಆದರೆ ಅದು ಸೋತುಹೋಗಿ ಎತ್ತ ತಿರುಗಿಸಿದರೂ ಸುಮ್ಮನೆ ಸುತ್ತುತ್ತದೆ. ಚಾವಿ ತೆಗೆದರೂ ದೀಪ ಆರುವುದಿಲ್ಲ. ನಮ್ಮ ಶೆಡ್ಡೋ ಕಿಟಕಿಯಿಲ್ಲದ್ದು. ರಾತ್ರಿಯೆಲ್ಲ ದೀಪ ಉರಿದು ಬ್ಯಾಟರಿ ಬರಿದಾಗಿತ್ತು.

ಮೆಕ್ಯಾನಿಕ್ ಬಂದು ನೋಡಿ, "ಈ ಪಾರ್ಟ್ ಮಾಡೋದನ್ನೇ ಕಂಪನಿಯವರು ನಿಲ್ಲಿಸಿದ್ದಾರೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಗಾಡಿ ನನ್ನ ಹತ್ರ ಬಿಟ್ಟಿರಿ, ಮುಂದಿನ ತಿಂಗಳು ನೋಡೋಣ" ಎಂದ.

"ಮುಂದಿನ ತಿಂಗಳು ನೋಡೋಕೆ ನನಗೆ ಈ ತಿಂಗಳು ಕೆಲಸ ಉಳೀಬೇಕಲ್ಲಪ್ಪ!" ಎಂದಳು ಅಮ್ಮ.

ಹಾಗಾಗಿ ತಳ್ಳಿದೆವು. ಅಮ್ಮ ಒಳಗೆ, ಅಪ್ಪ ಎಡಕ್ಕೆ, ನಾನು ಬಲಕ್ಕೆ, ನಡುವೆ ಅಜ್ಜಿ. ಅಜ್ಜಿ ತಳ್ಳುತ್ತಿದ್ದಳೋ ಒರಗಿಕೊಂಡಿದ್ದಳೋ ಹೇಳುವುದು ಕಷ್ಟ, ಆದರೆ ಬಾಯಿಂದ ಮಾತ್ರ ಪೂರ್ತಿ ತಳ್ಳುತ್ತಿದ್ದಳು: "ಊರೋರ ಮನೆ ದೀಪವೆಲ್ಲ ಆರಿಸಿ ಬರ್ತೀಯ, ನಿನ್ನ ಹೆಂಡ್ತಿ ಕಾರಿನ ಎರಡು ದೀಪ ಆರಿಸೋಕೆ ಆಗಲ್ವೇನೋ!"

"ಆಗುತ್ತೆ ಅಮ್ಮ, ಆಗುತ್ತೆ! ತಳ್ಳು!"

"ಯಾವಾಗ? ನಾನು ಆರಿಹೋದ ಮೇಲಾ?"

ಗುರ್ರ್ ಎಂದು ಕಾರು ಎದ್ದಿತು. ನಾವು ಆಟ ಗೆದ್ದವರ ಹಾಗೆ ಕೂಗಿದೆವು. ಅಮ್ಮ ಹಿಂತಿರುಗಿ ನೋಡದೆ ಓಡಿಸಿಕೊಂಡು ಹೋದಳು, ಎಲ್ಲಿ ನಿಂತುಬಿಡುತ್ತದೋ ಎಂಬ ಭಯಕ್ಕೆ.

ಅಂದಿನಿಂದ ಅಪ್ಪ ಪ್ರತಿ ಸಂಜೆ ಬ್ಯಾಟರಿಯ ತಂತಿ ಬಿಚ್ಚಿಟ್ಟು ಬೆಳಿಗ್ಗೆ ಸಿಕ್ಕಿಸತೊಡಗಿದ. "ಸಂಪರ್ಕ ಕಡಿತ!" ಎಂದು ಕೈ ಒರೆಸಿಕೊಳ್ಳುತ್ತಿದ್ದ. ಮನೆಯ ಮಟ್ಟಿಗೆ ಸರಿಹೋಯಿತು. ಆದರೆ ದೊಡ್ಡಾಸ್ಪತ್ರೆಯಲ್ಲಿ ಕಾರು ನಿಲ್ಲಿಸಬೇಕಾದದ್ದು ನೆಲಮಾಳಿಗೆಯಲ್ಲಿ. ಅಮ್ಮ ಗಂಟುಗಳನ್ನು ತಳ್ಳುಗಾಡಿಗೆ ಹೇರಿ, ಮಹಡಿ ಮಹಡಿ ಹತ್ತಿ, ಒಂದೊಂದು ವಾರ್ಡಿನಲ್ಲೂ ಲೆಕ್ಕ ಒಪ್ಪಿಸಿ, ಕೊಳೆ ಬಟ್ಟೆ ತುಂಬಿಸಿಕೊಂಡು ಇಳಿದು ಬರುವಷ್ಟರಲ್ಲಿ ಕಾರು ಕತ್ತಲೆಗೆ ಹೆದರಿ ಕಣ್ಣು ಅಗಲಿಸಿಕೊಂಡು ನಿಂತಿರುತ್ತಿತ್ತು, ಬ್ಯಾಟರಿಯಲ್ಲಿ ಉಸಿರು ಇರುತ್ತಿರಲಿಲ್ಲ. ಅಲ್ಲೇ ತಂತಿ ಬಿಚ್ಚೋಣವೆಂದರೆ ಎಣ್ಣೆ ಹತ್ತಿದ ಕೈಯಲ್ಲಿ ಬಿಳಿ ಹಾಸುಬಟ್ಟೆ ಮುಟ್ಟುವಂತಿಲ್ಲ. ಕಾವಲುಗಾರನೂ ಲಿಫ್ಟಿನವನೂ ಸೇರಿ ತಳ್ಳಿಕೊಟ್ಟರು. ಎರಡನೆಯ ಸಲವೂ ತಳ್ಳಿದರು. ಮೂರನೆಯ ಸಲ ಕಾವಲುಗಾರ, "ಅಕ್ಕಾ, ನಂಗೆ ಇಲ್ಲೇ ಒಂದು ಬೆಡ್ ಕೊಡಿಸ್ಬಿಡಿ" ಎಂದನಂತೆ. ಆ ದಿನ ಇನ್ನೊಂದು ಚಿಕ್ಕ ಆಸ್ಪತ್ರೆಗೆ ಹಾಸುಬಟ್ಟೆ ತಡವಾಗಿ, ಅವರು ಲಾಂಡ್ರಿಗೆ ಫೋನು ಮಾಡಿ ಕೂಗಾಡಿದರು.

ಒಡತಿ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿ, "ಸೋಮವಾರ ಗಾಡಿ ತಂದು ನಮ್ಮ ಲೋಡಿಂಗ್ ಛಾವಣಿ ಕೆಳಗೆ ನಿಲ್ಲಿಸಿ. ನಾವು ಬಟ್ಟೆ ತುಂಬಿಸಿ ಮುಗಿಸೋ ತನಕ ದೀಪ ಆರಿರಬೇಕು, ಆಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಿಮ್ಮ ಮೇಜು ಹೇಗೂ ಇದೆ" ಎಂದಳಂತೆ.

ಊಟಕ್ಕೆ ಕೂತಾಗ ಅಮ್ಮ ಇದನ್ನು ಹೇಳಿ, ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಮಚದಲ್ಲಿ ಹಿಸುಕಿದಳು. ಹಿಸುಕಿದ್ದನ್ನೇ ಮತ್ತೆ ಹಿಸುಕಿದಳು. "ಆ ಮೇಜಿಗೆ ನಾನು ವಾಪಸು ಹೋಗಲ್ಲ" ಎಂದಳು.

"ಯಾಕೆ ಹೋಗ್ತೀಯ? ನಾನಿಲ್ವಾ?" ಅಪ್ಪ ತೋಳು ಮಡಿಸಿದ. "ನೋಡು, ದೀಪ ಹತ್ತಿಸ್ತಿರೋದು ಯಾವುದು? ಆ ಕಣ್ಣು. ಅದಕ್ಕೆ ಹೊರಗಿನ ಸಂಪರ್ಕವೇ ಇಲ್ಲದ ಹಾಗೆ ಮಾಡಿದ್ರೆ? ಮುಚ್ಚಿಬಿಡೋದು. ಕಡಿತ! ಕಾಣದಿದ್ರೆ ಹಚ್ಚೋದು ಹೇಗೆ?"

ಕೇಳಿದಾಗ ಎಲ್ಲರಿಗೂ ಸರಿಯೆಂದೇ ತೋರಿತು. ಅಪ್ಪ ಕೆಲಸಕ್ಕೆ ಬಳಸುವ ಕರಿ ಟೇಪು ತಂದು, ಕಣ್ಣಿನ ಮೇಲೆ ಪದರ ಪದರವಾಗಿ ಸುತ್ತಿ, ಹೆಬ್ಬೆರಳಿನಲ್ಲಿ ಒತ್ತಿ, ಸೀಲು ಹಾಕಿದವನ ಗತ್ತಿನಲ್ಲಿ ಎದ್ದು ನಿಂತ.

ಮರುದಿನ ರಜೆ. ಅಮ್ಮ ಅಜ್ಜಿಯನ್ನೂ ನನ್ನನ್ನೂ ಕೂರಿಸಿಕೊಂಡು ಮಾರುಕಟ್ಟೆಗೆ ಹೊರಟಳು. ಸುಡುಬಿಸಿಲು. ಎದುರಿಗೆ ಬಂದ ಲಾರಿಯವನು ಕೈಬೆರಳು ಅರಳಿಸಿ ಮುಚ್ಚಿ ತೋರಿಸಿದ. ಬೈಕಿನವರೂ ತೋರಿಸಿದರು. ಬಸ್ಸಿನ ಡ್ರೈವರು ಮೈಯೆಲ್ಲ ಹೊರಗೆ ಹಾಕಿ ತೋರಿಸಿದ. ಮುಂದಿನ ಸೀಟಿನಲ್ಲಿದ್ದ ಅಜ್ಜಿಗೆ ಹಿಗ್ಗೋ ಹಿಗ್ಗು. ಎಲ್ಲರಿಗೂ ಹಾಗೆಯೇ ಕೈ ಅರಳಿಸಿ ಮುಚ್ಚಿ ಟಾಟಾ ಮಾಡಿದಳು.

"ಎಷ್ಟು ಜನ ಪರಿಚಯವೇ ನಿಂಗೆ! ಈ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿಲ್ಲ!"

ಅಮ್ಮನ ಮುಖ ಟೊಮೆಟೊ ಆಗಿತ್ತು. "ಅತ್ತೇ, ಅವರು ನಮಸ್ಕಾರ ಮಾಡ್ತಿಲ್ಲ. ನಮ್ಮ ಲೈಟು ಉರೀತಿದೆ ಅಂತ ಹೇಳ್ತಿದ್ದಾರೆ!"

"ಹಗಲು ಹೊತ್ತಲ್ಲೂ?"

"ಹಗಲು ಹೊತ್ತಲ್ಲೂ!" ಎಂದ ಅಮ್ಮ ಕಾರು ಪಕ್ಕಕ್ಕೆ ನಿಲ್ಲಿಸಿ ಇಳಿದು ನೋಡಿದಳು. ಎರಡು ದೀಪವೂ ಭರ್ಜರಿಯಾಗಿ ಉರಿಯುತ್ತಿದ್ದವು. ಅಪ್ಪ ಕಣ್ಣು ಮುಚ್ಚಿದ್ದರಿಂದ ಕಾರಿನ ಪಾಲಿಗೆ ಲೋಕವೇ ಅಮಾವಾಸ್ಯೆ. ಮೊದಲು ರಾತ್ರಿ ಮಾತ್ರ ಹೆದರುತ್ತಿದ್ದದ್ದು ಈಗ ಇಪ್ಪತ್ತನಾಲ್ಕು ಗಂಟೆಯೂ ಹೆದರುತ್ತಿತ್ತು.

ಮನೆಗೆ ಬಂದವಳೇ ತರಕಾರಿ ಚೀಲವನ್ನು ಅಪ್ಪನ ಮುಂದೆ ಕುಕ್ಕಿದಳು. "ರೀ, ನಿಮಗೆ ಕಡಿಯೋದು ಬಿಟ್ಟು ಬೇರೆ ಏನಾದ್ರೂ ಬರುತ್ತಾ? ತಂತಿ ಕಡಿ, ಕಣ್ಣು ಮುಚ್ಚು, ಫ್ಯೂಸು ಕೀಳು! ಊರೆಲ್ಲ ನನ್ನ ನೋಡಿ ಕೈ ಆಡಿಸ್ತು!"

"ಟೇಪು ಸಾಲಲಿಲ್ಲ. ಇನ್ನೂ ಬಿಗಿಯಾಗಿ..."

"ಟೇಪು ಜಾಸ್ತಿ ಆಗಿದ್ದೇ ತೊಂದರೆ ಇರಬಹುದು."

"ನೋಡು," ಅಪ್ಪನಿಗೆ ರೇಗಿತು, "ಬಟ್ಟೆ ಇಸ್ತ್ರಿ ಮಾಡೋ ವಿಷಯದಲ್ಲಿ ನಾನು ಬಾಯಿ ಹಾಕ್ತೀನಾ? ವೈರಿಂಗು ನಂಗೆ ಬಿಡು."

ಅಜ್ಜಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿ, "ಮುಗೀತು ನಿನ್ನ ಕಥೆ" ಎಂದಳು ಮಗನಿಗೆ, ಮೆಲ್ಲಗೆ.

ಅಮ್ಮ ನೇರ ಶೆಡ್ಡಿಗೆ ಹೋದಳು. ಟೇಪು ಕಿತ್ತು ಹಾಕಲು ಹೋಗಿದ್ದಳು. ಶೆಡ್ಡಿನೊಳಗೆ ಕತ್ತಲು, ಹೆಡ್‌ಲೈಟು ಗೋಡೆಗೆ ಹೊಡೆಯುತ್ತಿತ್ತು. ಟೇಪು ಕಿತ್ತು ನೋಡಿದರೆ ಅದರ ಅಂಟು ಕಣ್ಣಿನ ಸುತ್ತ ಡ್ಯಾಶ್‌ಬೋರ್ಡಿಗೆಲ್ಲ ಹತ್ತಿತ್ತು. ಲಾಂಡ್ರಿಯಲ್ಲಿ ಕಲೆ ಉಳಿದಿದೆಯೋ ಇಲ್ಲವೋ ನೋಡಲು ಬಟ್ಟೆಗೆ ದೀಪ ಹತ್ತಿರ ಹಿಡಿಯುವುದು ಅವಳಿಗೆ ಅಭ್ಯಾಸ. ಹಾಗೆಯೇ ನನ್ನ ಓದುವ ಪುಟ್ಟ ದೀಪವನ್ನು ತರಿಸಿಕೊಂಡಳು. ಅದು ಶೆಲ್ಲಿನದು, ಬಳ್ಳಿಯಂಥ ಉದ್ದ ತಂತಿಯ ತುದಿಗೆ ಒಂದು ಗುಂಡಿ. ಅಂಟಿನ ಮೇಲೆ ಹಿಡಿದಳು. ಟಕ್. ಶೆಡ್ಡಿನ ಗೋಡೆ ಕಪ್ಪಾಯಿತು.

"ಬ್ಯಾಟರಿ ಹೋಯ್ತು" ಎಂದೆ.

ಅಮ್ಮ ದೀಪವನ್ನು ಪಕ್ಕಕ್ಕೆ ಸರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಹೆಡ್‌ಲೈಟು ಹತ್ತಿತು. ಹತ್ತಿರ ತಂದಳು. ಆರಿತು. ಸರಿಸಿದಳು, ಹತ್ತಿತು. ತಂದಳು, ಆರಿತು. ಅವಳು ನನ್ನ ಕೈ ಹಿಡಿದ ಹಿಡಿತಕ್ಕೆ ಬಳೆ ಅಚ್ಚೊತ್ತಿತು.

"ನೋಡೇ! ಮುಚ್ಚಬೇಕಾಗಿರಲಿಲ್ಲ, ಬೆಳಕು ಕೊಡಬೇಕಾಗಿತ್ತು! ಹಗಲು ಅಂದ್ಕೊಂಡು ಮಲಗಿಬಿಡ್ತು!"

"ಮಲಗೋದು ರಾತ್ರಿ ಅಲ್ವಾ ಅಮ್ಮ?"

"ಇದಕ್ಕೆ ಉಲ್ಟಾ! ರಜೆ ದಿನ ನೀನು ಹಗಲೆಲ್ಲ ಮಲಗೋ ಹಾಗೆ!"

ಇಬ್ಬರೂ ಕಾರಿನೊಳಗೇ ಕುಣಿದೆವು. ಒಂದು ಕರಿ ಡಬ್ಬಿಯ ಮುಚ್ಚಳ ತಂದು, ಅದರೊಳಗೆ ದೀಪದ ತಲೆ ಕೂರಿಸಿ, ಕಣ್ಣಿನ ಮೇಲೆ ಬೋರಲು ಹಾಕಿದೆವು. ಹೊರಗಿನಿಂದ ನೋಡಿದರೆ ಬರೀ ಮುಚ್ಚಳ. ಬಳ್ಳಿ ಚಾಪೆಯ ಅಡಿಗೆ, ಗುಂಡಿ ಎಡಸೀಟಿನ ಪಕ್ಕಕ್ಕೆ. ನಿಜವಾದ ಕತ್ತಲಲ್ಲಿ ಓಡಿಸುವಾಗ ಗುಂಡಿ ಆರಿಸಿದರೆ ಹೆಡ್‌ಲೈಟು ಎಂದಿನಂತೆ ಹತ್ತುತ್ತದೆ. ಅಜ್ಜಿಯನ್ನು ಕರೆದು ತೋರಿಸಿದೆವು.

"ಅವನಿಗೆ ಹೇಳ್ಬೇಡಿ" ಎಂದಳು ಅಜ್ಜಿ ತಕ್ಷಣ. ಎಪ್ಪತ್ತು ದಾಟಿದ ಮುಖದಲ್ಲಿ ಏಳು ವರ್ಷದ ಹುಡುಗಿ ಕೂತಿದ್ದಳು. "ವೈರಿಂಗು ಅವನಿಗೆ ಬಿಡಿ ಅಂದ್ನಲ್ಲ? ಬಿಡೋಣ."

ಭಾನುವಾರ ಅಪ್ಪನ ಜೊತೆ ಕೆಲಸ ಮಾಡುವ ಏಣಿ ಮಾಮ ಬಂದ. ಏಣಿ ಹೊರುವವನು, ಏಣಿಯಷ್ಟೇ ಉದ್ದದವನು. ಎಲ್ಲರೂ ಶೆಡ್ಡಿಗೆ ಹೋದೆವು. ನಾನು ಎಡಸೀಟಿನಲ್ಲಿ ಕೂತೆ. ಹೆಡ್‌ಲೈಟು ಉರಿಯುತ್ತಿತ್ತು. ಅಪ್ಪ ಮುಚ್ಚಳ ನೋಡಿ ತಲೆದೂಗಿದ: "ಹ್ಞಾಂ, ಟೇಪಿಗಿಂತ ಇದು ವಾಸಿ. ಮುಚ್ಚಬೇಕು ಅಂತ ನಾನು ಹೇಳಿರಲಿಲ್ವಾ? ಆದ್ರೂ ಆರಿಲ್ಲವಲ್ಲ?"

"ನೀನು ಸೂಚನೆ ಕೊಟ್ಟಿಲ್ವಲ್ಲೋ" ಎಂದಳು ಅಜ್ಜಿ. "ಯಾರ ಮನೇಲೂ ಸೂಚನೆ ಕೊಡದೆ ಆರಿಸಿದವನಲ್ಲ ನೀನು. ಕಾರಿಗೂ ಮರ್ಯಾದೆ ಇರಲ್ವಾ?"

ಏಣಿ ಮಾಮ ಕಿಸಕ್ ಎಂದ. ಅಪ್ಪ ತಮಾಷೆಗೆ ಬಾನೆಟ್ಟಿಗೆ ಟಣ್ ಟಣ್ ಬಡಿದು, ಎದೆಯುಬ್ಬಿಸಿದ: "ಗ್ರಾಹಕರೇ, ಇದು ಕೊನೇ ಸೂಚನೆ! ಸಂಪರ್ಕ ಕಡಿತಗೊಳಿಸಲಾಗುವುದೂ...!"

'ದೂ' ಮುಗಿಯುವುದಕ್ಕೂ ನನ್ನ ಬೆರಳು ಗುಂಡಿ ಒತ್ತುವುದಕ್ಕೂ ಸರಿಹೋಯಿತು. ದೀಪ ಆರಿತು.

ಕತ್ತಲಲ್ಲಿ ಅಪ್ಪ ಬಾನೆಟ್ಟನ್ನು ತಡವುವ ಸದ್ದು ಕೇಳಿಸಿತು.

"ಇನ್ನೊಂದ್ಸಲ" ಎಂದ ಏಣಿ ಮಾಮ, ದನಿ ತಗ್ಗಿಸಿ. ನಾನು ಮತ್ತೆ ಗುಂಡಿ ಒತ್ತಿ ಪುಟ್ಟ ದೀಪ ಆರಿಸಿದೆ, ಹೆಡ್‌ಲೈಟು ಹತ್ತಿತು. ಏಣಿ ಮಾಮ ತಾನೇ ಕೂಗಿದ, ಆರಲಿಲ್ಲ. ಅಪ್ಪ ಕೂಗಿದ, ಆರಿತು. ಏಣಿ ಮಾಮ ಶೆಡ್ಡಿನ ಬಾಗಿಲು ಸರಿಸಿ ಅಪ್ಪನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಅಷ್ಟು ನೋಡಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಅಪ್ಪ ಕುಳ್ಳ.

"ಗೊತ್ತಾಯ್ತು!" ಅಪ್ಪ ಚಪ್ಪಾಳೆ ಹೊಡೆದ. "ಒಳಗೆಲ್ಲೋ ಲೂಸ್ ಕಾಂಟ್ಯಾಕ್ಟು. ನನ್ನ ದನಿ ದಪ್ಪ ನೋಡು, ಅದರ ವೈಬ್ರೇಶನ್‌ಗೆ ಸರಿಯಾಗಿ ಕೂತ್ಕೊಳ್ತಿದೆ. ವೈಬ್ರೇಶನ್ನು! ಇವನ ದನಿಗೆ ಆ ತೂಕ ಇಲ್ಲ." ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಅಮ್ಮ ಗಂಭೀರವಾಗಿ, "ಇರಬಹುದು ರೀ" ಎಂದಳು.

ಸಂಜೆ ಚಹಾ ಕುಡಿಯುವಾಗ ಅಪ್ಪ ಗಂಟಲಿಗೆ ಬಿಸಿನೀರು ಕೇಳಿದ. "ನಾಳೆ ಅರ್ಧ ದಿನ ರಜೆ ಹಾಕಿದ್ದೀನಿ" ಎಂದ ಅಮ್ಮನ ಕಡೆ ನೋಡದೆ. "ನಾನಿಲ್ಲದೆ ಅದು ಆರಲ್ಲ. ನಿನ್ನ ಕೆಲಸದ ವಿಷಯ. ನಾನೇ ಬರ್ತೀನಿ ಲಾಂಡ್ರಿಗೆ."

ಅಮ್ಮ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಅಯ್ಯೋ, ಹೇಳ್ಬಿಡೋಣ ಕಣೇ. ಪಾಪ, ರಜೆ ಬೇರೆ ಹಾಕಿದ್ದಾರೆ" ಎಂದಳು.

"ಲಾಂಡ್ರಿಯಲ್ಲಿ ಮೊದಲ ಕೂಗಿಗೇ ಗುಂಡಿ ಒತ್ತಿಬಿಡು, ಕೆಲಸ ಆಗಲಿ" ಎಂದಳು ಹಿಂದಿನಿಂದ ಅಜ್ಜಿ. "ಹೇಳೋದು ಆಮೇಲೆ, ಊಟದ ಹೊತ್ತಿಗೆ. ಹೊಟ್ಟೆ ತುಂಬಿದ ಮೇಲೆ ಅವನಿಗೆ ಕೋಪ ಬರಲ್ಲ."

ಸೋಮವಾರ. ಲಾಂಡ್ರಿಯ ಲೋಡಿಂಗ್ ಜಾಗದ ಮೇಲೆ ತಗಡಿನ ಛಾವಣಿ, ಮೂರು ಕಡೆ ಗೋಡೆ. ಒಳಗಿನಿಂದ ಆವಿಯ ಬಿಸಿ, ಸಾಬೂನಿನ ವಾಸನೆ. ನಮ್ಮ ಕಾರು ಒಳಗೆ ನುಗ್ಗುವಾಗ ಹೊಸ್ತಿಲಿನ ಉಬ್ಬಿಗೆ ಎಗರಿ ಕೂತಿತು. ಅಮ್ಮ ಎಂಜಿನ್ ನಿಲ್ಲಿಸಿ ಇಳಿದಳು. ಹೆಡ್‌ಲೈಟು ಎದುರಿನ ಹಾಸುಬಟ್ಟೆಯ ಗುಡ್ಡಕ್ಕೆ ಹೊಡೆಯಿತು. ಒಡತಿ ಕನ್ನಡಕ ಸರಿಮಾಡಿಕೊಂಡು ಬಂದಳು. ಹಿಂದೆ ಇಸ್ತ್ರಿ ಮೇಜಿನ ಹೆಂಗಸರೆಲ್ಲ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಅಮ್ಮ ಬಿಟ್ಟು ಬಂದಿದ್ದ ಮೇಜು ಅವರ ಹಿಂದೆ ಖಾಲಿ ಕಾಣುತ್ತಿತ್ತು.

"ಇವರು ಯಾರು?" ಎಂದಳು ಒಡತಿ.

"ಆರಿಸುವವರು" ಎಂದ ಅಪ್ಪ, ತನ್ನನ್ನೇ ತೋರಿಸಿಕೊಂಡು. ಬಾನೆಟ್ಟಿಗೆ ಟಣ್ ಟಣ್. "ಗ್ರಾಹಕರೇ, ಇದು ಕೊನೇ ಸೂಚನೆ! ಸಂಪರ್ಕ ಕಡಿತಗೊಳಿಸಲಾಗುವುದೂ...!"

ನಾನು ಗುಂಡಿ ಒತ್ತಿದೆ. ದೀಪ ಆರಲಿಲ್ಲ.

ಮತ್ತೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಅಪ್ಪ ಇನ್ನೂ ಜೋರಾಗಿ ಕೂಗಿದ, ಕುತ್ತಿಗೆಯ ನರ ಉಬ್ಬಿತು. ತಗಡು ಅದುರಿತು. ದೀಪ ಅಲುಗಲಿಲ್ಲ.

"ಕಾರಿಗೆ ಯಾಕೆ ಬೈತಿದ್ದಾರೆ?" ಎಂದಳು ಒಡತಿ. ಕೈಗಡಿಯಾರ ನೋಡಿಕೊಂಡಳು.

"ವೈಬ್ರೇಶನ್ನು ಮೇಡಂ... ಸ್ವಲ್ಪ ಗಂಟಲು ಕಟ್ಟಿದೆ..." ಅಪ್ಪ ಕೆಮ್ಮಿ, ಬಾನೆಟ್ಟಿನ ಮೇಲೆ ಎರಡು ಕೈಯೂರಿ, ಬೇಡುವವನ ದನಿಯಲ್ಲಿ ಮತ್ತೊಮ್ಮೆ ಶುರುಮಾಡಿದ. "ಗ್ರಾಹಕರೇ... ದಯವಿಟ್ಟು..."

ನಾನು ಮುಂದೆ ನೋಡಿದೆ. ಉಬ್ಬಿನ ಎಗರಾಟಕ್ಕೆ ಮುಚ್ಚಳ ಜಾರಿ, ದೀಪದ ತಲೆ ಗಾಜಿನ ಮೂಲೆಗೆ ಬಿದ್ದಿತ್ತು. ಅಲ್ಲಿ ಒಂಟಿಯಾಗಿ ಮಿಣಮಿಣ ಎನ್ನುತ್ತಿತ್ತು. ಅಮ್ಮನೂ ನೋಡಿದಳು. ಒಂದು ಕ್ಷಣ ಗಂಡನನ್ನೂ ಒಡತಿಯನ್ನೂ ಖಾಲಿ ಮೇಜನ್ನೂ ನೋಡಿದಳು. ಆಮೇಲೆ ಬಾಗಿಲು ತೆಗೆದು, ಎಲ್ಲರ ಎದುರಿಗೇ ಮುಚ್ಚಳವನ್ನು ಎತ್ತಿ, ಉರಿಯುವ ದೀಪವನ್ನು ಅದರೊಳಗೆ ಕೂರಿಸಿ, ಕಣ್ಣಿನ ಮೇಲೆ ಬೋರಲು ಇಟ್ಟಳು.

ಟಕ್. ಹಾಸುಬಟ್ಟೆಯ ಗುಡ್ಡ ಮಬ್ಬಾಯಿತು.

"ಅದಕ್ಕೆ ಕತ್ತಲೆ ಕಂಡ್ರೆ ಭಯ ಮೇಡಂ" ಎಂದಳು. "ಅದರ ಕಣ್ಣೆದುರಿಗೆ ಒಂದು ಪುಟ್ಟ ದೀಪ ಇಟ್ಟಿದ್ದೀನಿ. ಹಗಲು ಅಂದ್ಕೊಂಡು ಸುಮ್ಮನಿರುತ್ತೆ. ಜಾರದ ಹಾಗೆ ಈಗ ಅಂಟಿಸ್ತೀನಿ. ರೀ, ನಿಮ್ಮ ಟೇಪು ಕೊಡಿ."

ಅಪ್ಪ ಜೇಬಿನಿಂದ ಟೇಪು ತೆಗೆದು ಕೊಟ್ಟ. ಅಮ್ಮ ಅಂಟಿಸಿದಳು. ಅಪ್ಪನ ಕಣ್ಣು ಮುಚ್ಚಳದಿಂದ ಬಳ್ಳಿಗೆ, ಬಳ್ಳಿಯಿಂದ ಚಾಪೆಗೆ, ಚಾಪೆಯಿಂದ ನನ್ನ ಬೆರಳಿಗೆ ಬಂದು ನಿಂತಿತು. ನಾನು ಬೆರಳನ್ನು ಮೆಲ್ಲಗೆ ಹಿಂದೆ ಎಳೆದುಕೊಂಡೆ.

"ತುಂಬಿಸಿ" ಎಂದಳು ಒಡತಿ.

ಹೆಂಗಸರು ಗಂಟು ಗಂಟು ತಂದು ಹೇರಿದರು. ಅಪ್ಪ ಮೂಲೆಯಲ್ಲಿದ್ದ ಕೊಳೆಬಟ್ಟೆಯ ಗಂಟಿನ ಮೇಲೆ ಕೂತ, ಮುಖ ಆಚೆ ಮಾಡಿ. ಅವನ ಹೆಗಲು ಒಮ್ಮೆ ಅಲುಗಿತು. ಅಷ್ಟು ಜನರ ಮುಂದೆ ದೀಪಕ್ಕೆ 'ದಯವಿಟ್ಟು' ಎಂದ ಮನುಷ್ಯ. ಕೊನೆಯ ಗಂಟು ಹತ್ತಿ, ಹಿಂಬಾಗಿಲು ಮುಚ್ಚಿತು. ದೀಪ ಆರಿಯೇ ಇತ್ತು. ಅಮ್ಮ ಕೂತು ಚಾವಿ ತಿರುಗಿಸಿದಳು. ಗುರ್ರ್! ಒಂದೇ ಸಲಕ್ಕೆ.

ಹೆಂಗಸರು ಹೋ ಎಂದರು. ಒಡತಿ ಕಿಟಕಿಗೆ ಬಾಗಿ, "ನಿಮ್ಮ ಮೇಜಿಗೆ ನಾಳೆಯಿಂದ ಬೇರೆಯವರನ್ನ ಹುಡುಕ್ತೀನಿ" ಎಂದಳು. ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಾರನ್ನು ಒತ್ತಿದವಳು ಕೈ ತೆಗೆಯಲೇ ಇಲ್ಲ.

ಹಾರನ್ನು ನಿಂತಾಗ ಇನ್ನೊಂದು ಸದ್ದು ಕೇಳಿಸಿತು. ಮೊದಲು ಆವಿಯ ಯಂತ್ರದ್ದು ಅಂದುಕೊಂಡೆವು. ಅಪ್ಪನದು. ಗಂಟಿನ ಮೇಲೆ ಕೂತಲ್ಲೇ ಮುಂದಕ್ಕೆ ಬಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದ. "ವೈಬ್ರೇಶನ್ನು!" ಎಂದ. ಉಸಿರು ಸಿಗಲಿಲ್ಲ. "ನಮ್ಮಮ್ಮ ಸೆರಗು ತುರುಕಿಕೊಂಡು... ನಾನು ಬಿಸಿನೀರು ಕುಡಿದು... ಏಣಿ... ಏಣಿ ಇವತ್ತು ಆಫೀಸಲ್ಲೆಲ್ಲ ಹೇಳಿರ್ತಾನೆ ಕಣೇ, ನನ್ನ ದನಿಗೆ ತೂಕ ಇದೆ ಅಂತ!"

ನಾವೆಲ್ಲ ನಕ್ಕೆವು. ಇಸ್ತ್ರಿ ಹೆಂಗಸರು ನಕ್ಕರು, ಒಡತಿಯೂ ಕನ್ನಡಕ ತೆಗೆದು ನಕ್ಕಳು. ಎಲ್ಲರ ನಗು ಸೇರಿದರೂ ಅವನೊಬ್ಬನ ನಗುವಿನ ಕೆಳಗೇ ಉಳಿಯಿತು. ಅಮ್ಮ ಕಾರನ್ನು ಬಿಸಿಲಿಗೆ ಹೊರಡಿಸಿದಾಗ ಅವನು ಗಂಟಿನಿಂದ ಕೆಳಕ್ಕೆ ಜಾರಿ ನೆಲದ ಮೇಲೆ ಕೂತಿದ್ದ. ನಾವು ಬೀದಿಯ ತಿರುವು ದಾಟಿದ ಮೇಲೂ ತಗಡಿನ ಛಾವಣಿ ಅದುರುವುದು ಕೇಳಿಸುತ್ತಿತ್ತು.